ಹೆಣ್ಣಿನ ಅನುಭವದ ಸಮೂಹ ಕಲಾಪ್ರದರ್ಶನಕ್ಕೆ ಕೃತಿ ಕೊಡುವುದು ಹೇಗೆ? ಹುಬ್ಬಳ್ಳಿ-ಧಾರವಾಡ ಭಾಗದವರಿಗೊಂದು ಸಮಗ್ರ ಮಾರ್ಗದರ್ಶಿ

ಸಮೂಹ ಪ್ರದರ್ಶನಕ್ಕೆ ಕೊಟ್ಟ ಕೃತಿ ನಿಮ್ಮ ಕೈ ಬಿಟ್ಟು ಹೋಗುತ್ತದೆ. ಅದನ್ನು ಗಾಡಿಯಿಂದ ಇಳಿಸುವವರು ಒಬ್ಬರು, ಗೋಡೆಗೆ ಹಾಕುವವರು ಮತ್ತೊಬ್ಬರು. ನೀವು ಊಟಕ್ಕೆ ಹೋದ ಹೊತ್ತಿನಲ್ಲಿ ನೋಡುಗರಿಗೆ ಅದರ ಬಗ್ಗೆ ಹೇಳುವವರು ಇನ್ನೊಬ್ಬರು. ವಿಷಯ ಹೆಣ್ಣಿನ ಅನುಭವವಾದರೆ ಇನ್ನೂ ಒಂದು ತೊಡಕು: ಗೋಡೆಯ ಮೇಲಿರುವುದು ಯಾರದೋ ಬದುಕು, ನೋಡಲು ಬರುವವರು ಅದೇ ಓಣಿಯವರು, ಬೀಗರು, ಕಾಲೇಜಿನ ಸಹಪಾಠಿಗಳು. ಹಾಗಾಗಿ ಚಿತ್ರ ಬರೆಯುವುದು ಅರ್ಧ ಕೆಲಸ. ನೀವು ಪಕ್ಕದಲ್ಲಿ ಇಲ್ಲದಿದ್ದರೂ ಆ ಕೃತಿ ಕೆಡದೆ, ಬೀಳದೆ, ಯಾರಿಗೂ ಕೇಡು ಮಾಡದೆ ಗೋಡೆಯ ಮೇಲಿರುವಂತೆ ನೋಡಿಕೊಳ್ಳುವುದು ಉಳಿದರ್ಧ. ಈ ಬರಹ ಹೆಚ್ಚಾಗಿ ಆ ಉಳಿದರ್ಧದ ಬಗ್ಗೆ.

ಆಹ್ವಾನ ಬಂದಾಗ ಕೇಳಬೇಕಾದ್ದು

ವಾಟ್ಸ್ಯಾಪಿನಲ್ಲಿ ಬರುವ ಆಹ್ವಾನದಲ್ಲಿ ಸಾಮಾನ್ಯವಾಗಿ ವಿಷಯ, ದಿನಾಂಕ, ಜಾಗ ಇಷ್ಟೇ ಇರುತ್ತವೆ. ಒಪ್ಪಿಕೊಳ್ಳುವ ಮುಂಚೆ ಸಂಘಟಕರಿಂದ ಬರಹದಲ್ಲಿ ಉತ್ತರ ಪಡೆಯಬೇಕಾದ ಪ್ರಶ್ನೆಗಳು ಬೇರೆ ಇವೆ. ಒಬ್ಬರಿಗೆ ಎಷ್ಟು ಅಡಿ ಗೋಡೆ? ಆಯ್ಕೆ ಸಮಿತಿ ಇದೆಯೋ, ಕೊಟ್ಟದ್ದೆಲ್ಲ ಹಾಕುತ್ತಾರೋ? ಪ್ರವೇಶ ಶುಲ್ಕ ಎಷ್ಟು, ಕೃತಿ ಆಯ್ಕೆಯಾಗದಿದ್ದರೆ ಆ ಹಣ ಮರಳಿ ಬರುತ್ತದೆಯೇ? ಮಾರಾಟವಾದರೆ ಕಮಿಷನ್ ಎಷ್ಟು? ಖಾಸಗಿ ಗ್ಯಾಲರಿಗಳು ಸಾಮಾನ್ಯವಾಗಿ ಬೆಲೆಯ ಮೂರನೇ ಒಂದು ಭಾಗದಿಂದ ಅರ್ಧದವರೆಗೆ ತೆಗೆದುಕೊಳ್ಳುತ್ತವೆ. ಕಲಾವಿದೆಯರೇ ಸೇರಿ ಮಾಡುವ ಪ್ರದರ್ಶನದಲ್ಲಿ ಇದು ತೀರ ಕಡಿಮೆ, ಕೆಲವೊಮ್ಮೆ ಸೊನ್ನೆ. ಕೃತಿಗೆ ಪೆಟ್ಟಾದರೆ ಯಾರು ಹೊಣೆ? ರಾತ್ರಿ ಸಭಾಂಗಣದ ಕೀಲಿ ಯಾರ ಹತ್ತಿರ ಇರುತ್ತದೆ? ಗೋಡೆಗೆ ಮೊಳೆ ಹೊಡೆಯಬಹುದೇ?

ಕೊನೆಯ ಪ್ರಶ್ನೆ ಸಣ್ಣದಲ್ಲ. ಧಾರವಾಡದ ಸರ್ಕಾರಿ ಆರ್ಟ್ ಗ್ಯಾಲರಿಯಂಥ, ಚಿತ್ರಗಳಿಗಾಗಿಯೇ ಇರುವ ಜಾಗ ಬೇರೆ, ಸಂಘ-ಸಂಸ್ಥೆಯ ಸಭಾಭವನ ಬೇರೆ. ಸಭಾಭವನದಲ್ಲಿ ಮೊಳೆಗೆ ಬಿಡುವುದಿಲ್ಲ. ಮರದ ಪ್ಯಾನೆಲ್ ನಿಲ್ಲಿಸಬೇಕು, ಇಲ್ಲವೇ ಮೇಲಿನ ಕಂಬಿಯಿಂದ ತಂತಿ ಇಳಿಸಬೇಕು. ಪ್ಯಾನೆಲ್ ಬಾಡಿಗೆ ಯಾರ ಲೆಕ್ಕಕ್ಕೆ ಎಂಬುದು ಆಗಲೇ ತೀರ್ಮಾನವಾಗದಿದ್ದರೆ ಉದ್ಘಾಟನೆಯ ಹಿಂದಿನ ರಾತ್ರಿ ಜಗಳ ಗ್ಯಾರಂಟಿ. ಸಾಧ್ಯವಿದ್ದರೆ ಒಮ್ಮೆ ಹೋಗಿ ಜಾಗ ನೋಡಿ, ಟೇಪು ಹಿಡಿದು ಅಳೆದು ಬನ್ನಿ. ಕಿಟಕಿ ಯಾವ ದಿಕ್ಕಿಗಿದೆ, ಪ್ಲಗ್ ಎಲ್ಲಿದೆ, ಹೆಣ್ಣುಮಕ್ಕಳಿಗೆ ಶೌಚಾಲಯ ಇದೆಯೇ ಎಂಬುದನ್ನೂ ನೋಡಿ. ಇಡೀ ದಿನ ಅಲ್ಲಿ ಕೂರುವವರು ನೀವೇ.

ದಿನಗಳ ಲೆಕ್ಕ

ಇಂಥ ಪ್ರದರ್ಶನಗಳು ಹೆಚ್ಚಾಗಿ ಮಾರ್ಚ್ 8ರ ಮಹಿಳಾ ದಿನದ ಆಸುಪಾಸು ನಡೆಯುತ್ತವೆ. ಹುಬ್ಬಳ್ಳಿಯಲ್ಲಿ ಆ ದಿನಗಳಿಗೆ ಎರಡು ಅಡ್ಡಿ. ಒಂದು ಪರೀಕ್ಷೆ. ಮಕ್ಕಳು ಎಸ್ಸೆಸ್ಸೆಲ್ಸಿಯಲ್ಲೋ ಪಿಯುಸಿಯಲ್ಲೋ ಇದ್ದರೆ ಮನೆಯ ಗಡಿಯಾರವೇ ಬದಲಾಗಿರುತ್ತದೆ. ಇನ್ನೊಂದು ಹೋಳಿ. ಹುಬ್ಬಳ್ಳಿಯ ದೊಡ್ಡ ಬಣ್ಣದಾಟ ಹುಣ್ಣಿಮೆಯ ದಿನ ಅಲ್ಲ, ಐದನೇ ದಿನ, ರಂಗಪಂಚಮಿಗೆ. ಆ ದಿನ ಕ್ಯಾನ್ವಾಸ್ ಹೊತ್ತು ಊರೊಳಗೆ ಗಾಡಿ ತರುವ ಸಾಹಸ ಬೇಡ. ಪಂಚಾಂಗ ನೋಡಿಯೇ ಸಾಗಣೆಯ ದಿನ ಗೊತ್ತು ಮಾಡಿ.

ಹನ್ನೆರಡು ವಾರ ಮುಂಚೆ, ಅಂದರೆ ಡಿಸೆಂಬರ್ ಎರಡನೇ ವಾರದಲ್ಲಿ ಶುರು ಮಾಡಿದರೆ ಉಸಿರಾಡಲು ಜಾಗವಿರುತ್ತದೆ. ಮೊದಲ ಎರಡು ವಾರ ವಿಷಯ ಮತ್ತು ಒಪ್ಪಿಗೆ. ಮುಂದಿನ ಆರು ವಾರ ಕೃತಿ. ಒಂಬತ್ತನೇ ವಾರದೊಳಗೆ ಕೆಲಸ ಮುಗಿಯಬೇಕು, ಏಕೆಂದರೆ ತೈಲವರ್ಣ ಮುಟ್ಟಿದರೆ ಅಂಟದಷ್ಟು ಒಣಗಲು ತೆಳು ಲೇಪಕ್ಕೇ ಒಂದೆರಡು ವಾರ ಬೇಕು, ದಪ್ಪ ಲೇಪಕ್ಕೆ ಅದಕ್ಕಿಂತ ಹೆಚ್ಚು. ಹತ್ತು, ಹನ್ನೊಂದನೇ ವಾರ ಫ್ರೇಮು, ಫೋಟೊ, ಚೀಟಿ. ಕೊನೆಯ ವಾರ ಪ್ಯಾಕಿಂಗ್ ಮತ್ತು ಸಾಗಣೆ. ಫೆಬ್ರವರಿ ಮದುವೆಯ ಕಾಲ. ಮನೆಗೆ ನಾಲ್ಕು ದಿನ ನೆಂಟರು ಬಂದರೆ ಕುಂಚ ಮುಟ್ಟಲಾಗುವುದಿಲ್ಲ ಎಂಬುದನ್ನು ಲೆಕ್ಕದಲ್ಲಿ ಮೊದಲೇ ಸೇರಿಸಿ. ಮಳೆಗಾಲದ ಪ್ರದರ್ಶನವಾದರೆ ಒಣಗುವ ಅವಧಿಗೆ ಇನ್ನೆರಡು ವಾರ ಕೂಡಿಸಿ. ಜೂನ್‌ನಿಂದ ಸೆಪ್ಟೆಂಬರಿನ ತನಕ ಧಾರವಾಡದ ತೇವದಲ್ಲಿ ಬಣ್ಣ ನಿಧಾನಕ್ಕೆ ಒಣಗುತ್ತದೆ, ಕ್ಯಾನ್ವಾಸ್ ಜೋಲುತ್ತದೆ, ಕಾಗದಕ್ಕೆ ಬೂಸ್ಟು ಹಿಡಿಯುತ್ತದೆ.

ಯಾವ ಅನುಭವ?

‘ಹೆಣ್ಣು’ ಎಂಬ ವಿಷಯ ಕೊಟ್ಟ ಕೂಡಲೇ ಬರುವ ಚಿತ್ರಗಳ ಪಟ್ಟಿ ಎಲ್ಲರಿಗೂ ಗೊತ್ತು: ಅರ್ಧ ಮುಖ, ಒಂದು ಹನಿ ಕಣ್ಣೀರು, ಸರಪಳಿ, ಕೂದಲೇ ಮರದ ಬೇರಾಗಿರುವ ತಾಯಿ, ಪಂಜರದ ಹಕ್ಕಿ. ಒಂದೊಂದನ್ನೇ ನೋಡಿದರೆ ತಪ್ಪೇನೂ ಕಾಣುವುದಿಲ್ಲ. ಇಪ್ಪತ್ತು ಜನರ ಪ್ರದರ್ಶನದಲ್ಲಿ ಆರು ಮಂದಿ ಅದನ್ನೇ ತಂದಾಗ ಆರೂ ಕೃತಿಗಳು ಸಾಯುತ್ತವೆ. ಅಕ್ಕಪಕ್ಕದ ಕೃತಿಗಳು ನಿಮ್ಮದನ್ನು ನುಂಗದಿರಲು ಇರುವ ದಾರಿ ಒಂದೇ, ವಿಷಯವನ್ನು ಸಣ್ಣದು ಮಾಡುವುದು.

ಹೀಗೆ ಮಾಡಿ ನೋಡಿ. ಒಂದು ಹಾಳೆಯಲ್ಲಿ ಹತ್ತು ವಾಕ್ಯ ಬರೆಯಿರಿ. ಪ್ರತಿ ವಾಕ್ಯದಲ್ಲೂ ಒಂದು ವಸ್ತು, ಒಂದು ಹೊತ್ತು, ಒಂದು ಜಾಗ ಇರಲೇಬೇಕು. ‘ಹೆಣ್ಣಿನ ತ್ಯಾಗ’ ಎಂದು ಬರೆದರೆ ಈ ಮೂರೂ ಇಲ್ಲ. ‘ನಳ ಬರುವ ದಿನ ನಸುಕಿನಲ್ಲಿ ಎದ್ದು ಓಣಿಯಲ್ಲಿ ಕೊಡ ಹಚ್ಚುವುದು’ ಎಂದರೆ ಮೂರೂ ಇವೆ. ದಿನಗಟ್ಟಲೆ ಬಿಟ್ಟು ನೀರು ಬರುವ ಹುಬ್ಬಳ್ಳಿ-ಧಾರವಾಡದ ವಾರ್ಡುಗಳಲ್ಲಿ ಬಟ್ಟೆ ಒಗೆಯುವುದು, ಊರಿಗೆ ಹೋಗುವುದು, ಹಬ್ಬದ ಅಡುಗೆ ಎಲ್ಲವೂ ಆ ದಿನಕ್ಕೆ ಹೊಂದಿಕೊಂಡೇ ನಡೆಯುತ್ತವೆ. ಇದು ಪೂರ್ತಿ ಹೆಂಗಸರ ಕ್ಯಾಲೆಂಡರು, ಅದನ್ನು ಬರೆದವರು ಕಡಿಮೆ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಬೆರಳು, ಸಪ್ತಾಪುರದ ಕೋಚಿಂಗ್ ಸೆಂಟರಿಗಾಗಿ ಹಳ್ಳಿಯಿಂದ ಬಂದು ಬಾಡಿಗೆ ಕೋಣೆಯಲ್ಲಿರುವ ಹುಡುಗಿ, ಬೆಂಗೇರಿಯ ಖಾದಿ ಕೇಂದ್ರದಲ್ಲಿ ರಾಷ್ಟ್ರಧ್ವಜ ಹೊಲಿಯುವ ಕೈ, ಮನೆಯೊಳಗೇ ಮಗ್ಗ ಹಾಕಿ ನವಲಗುಂದದ ಜಮಖಾನ ನೇಯುವವರು, ಮದುವೆಯಾದ ಮೇಲೆ ಆಧಾರ್‌ನಲ್ಲಿ ಒಂದು, ಮಾರ್ಕ್ಸ್ ಕಾರ್ಡಿನಲ್ಲಿ ಒಂದು ಹೆಸರಾಗಿ ಕಚೇರಿ ಅಲೆಯುವುದು. ವಿಷಯಕ್ಕೆ ಇಲ್ಲಿ ಬರವಿಲ್ಲ.

ಹತ್ತರಲ್ಲಿ ಯಾವುದನ್ನು ಆರಿಸಬೇಕು? ಓದಿದವರು ‘ಆಮೇಲೆ?’ ಎಂದು ಕೇಳುವಂಥದನ್ನು. ‘ಪಾಪ’ ಎನ್ನಿಸುವಂಥದನ್ನು ಬಿಡಿ.

ಇನ್ನೊಬ್ಬರ ಬದುಕಾದರೆ ಒಪ್ಪಿಗೆ

ಅವ್ವನ ಕೌದಿ, ಅಜ್ಜಿಯ ಕಾಗದ, ಕೂಲಿಗೆ ಹೋಗುವ ಅಕ್ಕನ ಫೋಟೊ, ಗೆಳತಿ ಹೇಳಿದ ಸಂಗತಿ ಇವು ಯಾವುವೂ ನಿಮ್ಮವಲ್ಲ. ‘ನಮ್ಮವ್ವನೇ ಅಲ್ಲೇನು’ ಎಂಬ ಸಲುಗೆ ಮನೆಯೊಳಗೆ ನಡೆದೀತು, ಗ್ಯಾಲರಿಯಲ್ಲಿ ನಡೆಯದು. ಕೃತಿ ಶುರು ಮಾಡುವ ಮುಂಚೆಯೇ ಕೇಳಿ. ಅರ್ಧ ಮುಗಿಸಿ ಕೇಳಿದರೆ ಅವರು ದಾಕ್ಷಿಣ್ಯಕ್ಕೆ ಹೂಂ ಅನ್ನುತ್ತಾರೆ.

ಒಪ್ಪಿಗೆ ಪತ್ರ ಒಂದು ಪುಟ ಮೀರಬಾರದು, ಅವರಾಡುವ ಕನ್ನಡದಲ್ಲಿರಬೇಕು. ಅದರಲ್ಲಿ ಬರಬೇಕಾದ್ದು: ಏನನ್ನು ಬಳಸುತ್ತೀರಿ (ಫೋಟೊ, ದನಿ, ವಸ್ತು, ಮಾತು), ಎಲ್ಲೆಲ್ಲಿ ತೋರಿಸುತ್ತೀರಿ (ಸಭಾಂಗಣ, ಪ್ರದರ್ಶನದ ಕೈಪಿಡಿ ಅಥವಾ ಕ್ಯಾಟಲಾಗ್, ಪತ್ರಿಕೆ, ಇಂಟರ್ನೆಟ್, ಪ್ರತಿಯೊಂದಕ್ಕೂ ಬೇರೆ ಬೇರೆ ಹೌದು ಅಥವಾ ಬೇಡ), ನಿಜ ಹೆಸರೋ ಬೇರೆ ಹೆಸರೋ, ಮಾರಾಟವಾದರೆ ಅವರಿಗೆ ಪಾಲು ಎಷ್ಟು, ಯಾವ ದಿನದ ತನಕ ‘ಬೇಡ’ ಎಂದು ಹಿಂದೆ ಸರಿಯಬಹುದು. ಕೈಪಿಡಿ ಅಚ್ಚಿಗೆ ಹೋಗುವ ಹಿಂದಿನ ದಿನವನ್ನು ಕೊನೆಯ ದಿನವಾಗಿ ಇಡುವುದು ಅನುಕೂಲ. ಓದಲು ಬಾರದವರಿಗೆ ಪೂರ್ತಿ ಓದಿ ಹೇಳಿ, ಅವರ ಉತ್ತರವನ್ನು ಮೊಬೈಲಿನಲ್ಲಿ ದನಿಮುದ್ರಿಸಿ. ಬರೀ ಹೆಬ್ಬೆಟ್ಟು ಒತ್ತಿಸಿಕೊಂಡು ಬರಬೇಡಿ.

ಮುಖ ಮರೆಮಾಡಿದರೆ ಗುರುತು ಸಿಗದು ಎಂಬುದು ದೊಡ್ಡ ತಪ್ಪು ತಿಳಿವಳಿಕೆ. ಮುಂಗೈ ಮೇಲಿನ ಹಚ್ಚೆ, ತಾಳಿಯ ನಮೂನೆ, ಬಾಗಿಲ ಚೌಕಟ್ಟು, ಸೀರೆಯ ದಡಿ, ಹಿಂದಿನ ಗೋಡೆಯ ಮೇಲಿನ ಕ್ಯಾಲೆಂಡರಿನ ಅಂಗಡಿ ಹೆಸರು ಇಷ್ಟು ಸಾಕು, ಓಣಿಯವರಿಗೆ ತಿಳಿಯುತ್ತದೆ. ದನಿಯಂತೂ ಮುಖಕ್ಕಿಂತ ಬೇಗ ಗುರುತಾಗುತ್ತದೆ. ಗುಟ್ಟು ಕಾಯಬೇಕಾದ ಮಾತಿದ್ದರೆ ಅದನ್ನು ಬೇರೆಯವರಿಂದ ಓದಿಸಿ ಮುದ್ರಿಸಿ, ಊರು-ಸಂಬಂಧ-ವಯಸ್ಸು ಬದಲಿಸಿ. ಆಮೇಲೆ ಆ ಊರಿನ ಪರಿಚಯವಿರುವ ಒಬ್ಬರಿಗೆ ತೋರಿಸಿ, ‘ಇದು ಯಾರ ಮನಿ ಕಥಿ ಅಂತ ಹೇಳಬಲ್ಲಿರೇನು?’ ಎಂದು ಕೇಳಿ. ಅವರು ಊಹಿಸಿದರೆ ಇನ್ನೂ ಕೆಲಸವಿದೆ.

ಲೈಂಗಿಕ ದೌರ್ಜನ್ಯದ ವಿಷಯ ಬಂದಲ್ಲಿ ಕಾನೂನೇ ಅಡ್ಡ ನಿಲ್ಲುತ್ತದೆ. ಭಾರತೀಯ ನ್ಯಾಯ ಸಂಹಿತೆಯ 72ನೇ ಕಲಂ ಪ್ರಕಾರ ಅತ್ಯಾಚಾರದಂಥ ಅಪರಾಧಗಳ ಸಂತ್ರಸ್ತೆಯ ಹೆಸರನ್ನಾಗಲಿ, ಗುರುತು ಹತ್ತುವ ವಿವರವನ್ನಾಗಲಿ ಪ್ರಕಟಿಸುವುದು ಶಿಕ್ಷಾರ್ಹ. ಸಂತ್ರಸ್ತೆಯೇ ಬರಹದಲ್ಲಿ ಅನುಮತಿ ಕೊಡುವಂಥ ಕೆಲವೇ ಸಂದರ್ಭಗಳಿಗೆ ವಿನಾಯಿತಿ ಇದೆ. ಅಪ್ರಾಪ್ತರ ವಿಷಯದಲ್ಲಿ ಆ ದಾರಿಗೆ ಹೋಗಲೇಬೇಡಿ.

ಟಿಪ್ಪಣಿ ಮತ್ತು ಫೋಟೊ

ಆಯ್ಕೆದಾರರು ನಿಮ್ಮ ಕೃತಿಗಿಂತ ಮೊದಲು ನೋಡುವುದು ಅದರ ಬಗ್ಗೆ ನೀವು ಬರೆದ ಟಿಪ್ಪಣಿಯನ್ನು. 80ರಿಂದ 120 ಪದ ಸಾಕು. ‘ಅನಾದಿ ಕಾಲದಿಂದಲೂ ಸ್ತ್ರೀಯು’ ಎಂದು ಶುರುವಾದ ಟಿಪ್ಪಣಿಯನ್ನು ಯಾರೂ ಕೊನೆಯವರೆಗೆ ಓದುವುದಿಲ್ಲ. ಏನಿದೆ, ಯಾವುದರಿಂದ ಮಾಡಿದ್ದು, ಯಾಕೆ ಆ ವಸ್ತುವೇ ಎಂದು ನೇರವಾಗಿ ಹೇಳಿ. ಉದಾಹರಣೆಗೆ: ‘ಹತ್ತಿ ಬಟ್ಟೆಯ ಮೇಲೆ ಕಸೂತಿ. ಮೂರು ತಿಂಗಳಲ್ಲಿ ನಮ್ಮ ಓಣಿಗೆ ನಳ ಬಂದ ದಿನಗಳಿಗೆ ಒಂದೊಂದು ನೀಲಿ ಕೊಡ, ಬಾರದ ದಿನಗಳಿಗೆ ಬರೀ ಬಟ್ಟೆ. ಅವ್ವ ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಹಾಕಿಟ್ಟ ಗುರುತುಗಳೇ ಇದರ ನಕ್ಷೆ.’ ಇಷ್ಟಾದ ಮೇಲೆ ಅರ್ಥ ವಿವರಿಸುವ ಅಗತ್ಯವಿಲ್ಲ.

ಅಳತೆಯನ್ನು ಎತ್ತರ × ಅಗಲ ಎಂಬ ಕ್ರಮದಲ್ಲಿ, ಸೆಂಟಿಮೀಟರಿನಲ್ಲೋ ಇಂಚಿನಲ್ಲೋ ಒಂದೇ ರೀತಿ ಬರೆಯಿರಿ. ಫ್ರೇಮು ಸೇರಿಸಿ ಎಷ್ಟು, ಸೇರಿಸದೆ ಎಷ್ಟು ಎಂದು ಎರಡೂ ಬೇಕು. ಗೋಡೆಯ ಲೆಕ್ಕಕ್ಕೆ ಬೇಕಾಗುವುದು ಫ್ರೇಮು ಸೇರಿದ ಅಳತೆ.

ಫೋಟೊವನ್ನು ಬೆಳಗಿನ ಹೊತ್ತು, ಬಿಸಿಲು ನೇರ ಬೀಳದ ಪಡಸಾಲೆಯಲ್ಲೋ ಕಟ್ಟೆಯ ನೆರಳಲ್ಲೋ ತೆಗೆಯಿರಿ. ಫ್ಲ್ಯಾಶ್ ಬೇಡ. ಕೃತಿ ಗೋಡೆಗೆ ನೆಟ್ಟಗೆ ನಿಂತಿರಲಿ, ಕ್ಯಾಮೆರಾ ಅದರ ನಟ್ಟನಡುವಿನ ಎತ್ತರಕ್ಕಿರಲಿ. ಮೊಬೈಲಾದರೆ ತೀರ ಹತ್ತಿರ ಹೋಗದೆ ಹಿಂದೆ ಸರಿದು 2 ಪಟ್ಟು ಜೂಮ್ ಮಾಡಿ, ಇಲ್ಲದಿದ್ದರೆ ಅಂಚುಗಳು ಬಿಲ್ಲಿನಂತೆ ಬಾಗುತ್ತವೆ. ಗಾಜು ಹಾಕಿಸುವ ಮುಂಚೆಯೇ ಫೋಟೊ ಮುಗಿಯಲಿ. ಕೈಪಿಡಿಯಲ್ಲಿ 8 ಇಂಚು ಅಗಲ ಅಚ್ಚಾಗಲು ಇಂಚಿಗೆ 300ರಂತೆ 2,400 ಪಿಕ್ಸೆಲ್ ಬೇಕು. ವಾಟ್ಸ್ಯಾಪಿನಲ್ಲಿ ಫೋಟೊ ಎಂದು ಕಳಿಸಿದರೆ ಅದು ಕುಗ್ಗುತ್ತದೆ, ‘ಡಾಕ್ಯುಮೆಂಟ್’ ಎಂದೇ ಕಳಿಸಿ.

ಕೃತಿಯನ್ನು ಗೋಡೆಗೆ ಸಿದ್ಧ ಮಾಡುವುದು

ಹೆಚ್ಚಿನ ಅನಾಹುತ ಆಗುವುದು ಇಲ್ಲಿಯೇ.

*ಕ್ಯಾನ್ವಾಸ್.* ತೈಲವರ್ಣಕ್ಕೆ ಪೂರ್ಣ ವಾರ್ನಿಷ್ ಹಚ್ಚಲು ಸಾಮಾನ್ಯವಾಗಿ ಆರು ತಿಂಗಳು ಕಾಯಬೇಕು. ಪ್ರದರ್ಶನದ ಅವಸರಕ್ಕೆ ಹಚ್ಚಿದರೆ ಕೆಳಗಿನ ಬಣ್ಣ ಒಣಗುವಾಗ ಮೇಲಿನ ಪದರ ಬಿರಿಯುತ್ತದೆ. ಹಿಂಬದಿಯ ಪಟ್ಟಿಯ ಎರಡೂ ಬದಿಗೆ, ಮೇಲಿನಿಂದ ಸುಮಾರು ಕಾಲು ಭಾಗ ಕೆಳಗೆ, ಡಿ ಆಕಾರದ ಕೊಂಡಿಗಳನ್ನು ಸ್ಕ್ರೂ ಹಾಕಿ ಕೂರಿಸಿ, ನಡುವೆ ಹೆಣೆದ ಸ್ಟೀಲ್ ತಂತಿ ಕಟ್ಟಿ. ತಂತಿ ಸ್ವಲ್ಪ ಸಡಿಲವಿರಲಿ, ಆದರೆ ಎಳೆದಾಗ ಫ್ರೇಮಿನ ಮೇಲಂಚು ದಾಟಿ ಕಾಣಬಾರದು. ಸುತಳಿ, ನೈಲಾನ್ ಹಗ್ಗ ಬೇಡ, ಎರಡೂ ದಿನ ಕಳೆದಂತೆ ಜಗ್ಗುತ್ತವೆ.

*ಕಾಗದ.* ಜಲವರ್ಣ, ರೇಖಾಚಿತ್ರ, ಮುದ್ರಣಚಿತ್ರಗಳನ್ನು ನಮ್ಮ ಊರಿನ ಬಹುಪಾಲು ಫ್ರೇಮ್ ಅಂಗಡಿಗಳಲ್ಲಿ ದೇವರ ಪಟ ಕಟ್ಟಿದಂತೆಯೇ ಕಟ್ಟುತ್ತಾರೆ: ಗಾಜಿಗೆ ಒತ್ತಿ ಚಿತ್ರ, ಹಿಂದೆ ಹಾರ್ಡ್‌ಬೋರ್ಡ್, ನಡುವೆ ಹಳೆಯ ಪತ್ರಿಕೆ. ಪಟಕ್ಕೆ ಅದು ಸರಿ. ಜಲವರ್ಣ ಗಾಜಿಗೆ ಅಂಟಿಕೊಳ್ಳುತ್ತದೆ, ಪತ್ರಿಕೆಯ ಆಮ್ಲ ಕೆಲವೇ ವರ್ಷಗಳಲ್ಲಿ ಹಳದಿ ಕಲೆ ಬಿಡುತ್ತದೆ. ಅಂಗಡಿಯವರಿಗೆ ಮೂರು ಮಾತು ಬರೆದೇ ಕೊಡಿ. ಚಿತ್ರದ ಸುತ್ತ ಎರಡೂವರೆಯಿಂದ ಮೂರು ಇಂಚಿನ ಆಮ್ಲರಹಿತ ಮೌಂಟ್ (ರಟ್ಟಿನ ಒಳಚೌಕಟ್ಟು) ಬೇಕು, ಅದರಿಂದ ಗಾಜು ಚಿತ್ರಕ್ಕೆ ತಾಗುವುದಿಲ್ಲ. ಚಿತ್ರವನ್ನು ಮೇಲಂಚಿನಲ್ಲಿ ಎರಡು ಕಡೆ ಮಾತ್ರ, ಗೋಧಿ ಅಂಟಿನಿಂದಲೋ ಆಮ್ಲರಹಿತ ಟೇಪಿನಿಂದಲೋ ತೂಗುಬಿಡಬೇಕು. ನಾಲ್ಕೂ ಬದಿ ಫೆವಿಕಾಲ್ ಹಾಕಿದರೆ ತೇವಕ್ಕೆ ಹಿಗ್ಗಿದ ಕಾಗದ ಹೋಗಲು ಜಾಗವಿಲ್ಲದೆ ಉಬ್ಬುತ್ತದೆ. ಬಸ್ಸಿನಲ್ಲೋ ಟೆಂಪೋದಲ್ಲೋ ಸಾಗಿಸುವುದಾದರೆ ಗಾಜಿನ ಬದಲು 2 ಮಿ.ಮೀ. ಅಕ್ರಿಲಿಕ್ ಹಾಳೆ. ಸೀಮೆಸುಣ್ಣದಂಥ ಪುಡಿ ಬಣ್ಣ, ಇದ್ದಿಲಿನ ಚಿತ್ರಗಳಿಗೆ ಮಾತ್ರ ಅಕ್ರಿಲಿಕ್ ಬೇಡ. ಅದರ ಸ್ಥಾಯೀವಿದ್ಯುತ್ತು ಪುಡಿಯನ್ನು ಎಳೆದುಕೊಳ್ಳುತ್ತದೆ.

*ಕೌದಿ, ಕಸೂತಿ, ಸೀರೆ.* ಈ ಭಾಗದ ಪ್ರದರ್ಶನಗಳಲ್ಲಿ ಬಟ್ಟೆಯ ಕೃತಿಗಳು ಹೆಚ್ಚು, ಅವುಗಳನ್ನು ಹಾಳು ಮಾಡುವುದೂ ಸುಲಭ. ಕೌದಿಯನ್ನು ಎರಡು ಮೂಲೆಗೆ ಮೊಳೆ ಹೊಡೆದು ಅಥವಾ ಕ್ಲಿಪ್ಪು ಹಾಕಿ ತೂಗಿದರೆ ಮೂರನೇ ದಿನಕ್ಕೆ ನಡು ಜೋಲುತ್ತದೆ, ಹಳೆಯ ಬಟ್ಟೆ ಮೂಲೆಯಲ್ಲಿ ಹರಿಯುತ್ತದೆ. ಇದಕ್ಕೆ ಪರಿಹಾರ ಹಿಂಬದಿಗೆ ಕೋಲು ತೂರಿಸುವ ಬಟ್ಟೆಯ ತೋಳು ಹೊಲಿಯುವುದು:

1. ಕೌದಿಯ ಅಗಲಕ್ಕಿಂತ 2 ಇಂಚು ಕಡಿಮೆ ಉದ್ದದ, 9 ಇಂಚು ಅಗಲದ ಕಾಡಾ ಬಟ್ಟೆ (ಒರಟು ಹತ್ತಿ ಬಟ್ಟೆ) ತೆಗೆದುಕೊಳ್ಳಿ. ಮೊದಲು ಒಗೆದು ಒಣಗಿಸಿ, ಆಮೇಲೆ ಕುಗ್ಗಬಾರದು.
2. ಉದ್ದಕ್ಕೆ ಮಡಿಸಿ ಅಂಚು ಹೊಲಿದರೆ ಸುಮಾರು 4 ಇಂಚಿನ ಕೊಳವೆಯಾಗುತ್ತದೆ.
3. ಅದನ್ನು ಹಿಂಬದಿಯಲ್ಲಿ, ಮೇಲಂಚಿನಿಂದ ಅರ್ಧ ಇಂಚು ಕೆಳಗೆ ಕೈಹೊಲಿಗೆಯಲ್ಲಿ ಕೂರಿಸಿ. ಸೂಜಿ ಹಿಂದಿನ ಒಂದೇ ಪದರಕ್ಕೆ ಹೋದರೆ ಭಾರವೆಲ್ಲ ಅದರ ಮೇಲೆ ಬೀಳುತ್ತದೆ. ಒಳಪದರಗಳನ್ನೂ ಹಿಡಿಯಬೇಕು, ಮುಂದೆ ಮಾತ್ರ ಕಾಣಬಾರದು.
4. ಮುಕ್ಕಾಲು ಇಂಚಿನ ಮರದ ಕೋಲನ್ನು ತೂರಿಸಿ, ಎರಡೂ ತುದಿಗೆ ತಂತಿ. ಹಸಿ ಮರ ಬಣ್ಣ ಬಿಡುತ್ತದೆ, ಹಾಗಾಗಿ ಕೋಲಿಗೆ ಪಾಲಿಶ್ ಹಚ್ಚಿ ಪೂರ್ತಿ ಒಣಗಿಸಿರಬೇಕು.

ಕಸೂತಿಯಲ್ಲಿ ಗವಂತಿ ಮತ್ತು ಮುರಗಿ ಹೊಲಿಗೆಗಳು ಎರಡೂ ಬದಿಗೆ ಒಂದೇ ರೀತಿ ಕಾಣುತ್ತವೆ, ಗಂಟು ಇರುವುದಿಲ್ಲ. ನೇಯ್ಗೆ, ಮೆಂತಿ ಹೊಲಿಗೆಗಳು ಹಾಗಲ್ಲ. ಕಾರ್ಡ್‌ಬೋರ್ಡಿಗೆ ಅಂಟಿಸಿ ಫ್ರೇಮು ಹಾಕಿದರೆ ಗವಂತಿ, ಮುರಗಿಯ ಜಾಣ್ಮೆಯೇ ಮುಚ್ಚಿಹೋಗುತ್ತದೆ. ಎರಡು ಅಕ್ರಿಲಿಕ್ ಹಾಳೆಗಳ ನಡುವೆ ಇಟ್ಟು ಗೋಡೆಯಿಂದ ದೂರ ತೂಗುಬಿಡಿ, ಜನ ಹಿಂದೆ ಹೋಗಿ ನೋಡಲಿ. ಹಳೆಯ ಇಳಕಲ್ ಸೀರೆಯ ರೇಷ್ಮೆ ಸೆರಗು ಮಡಿಕೆಯ ಗೆರೆಯಲ್ಲೇ ಸೀಳುತ್ತದೆ. ಅದನ್ನು ಮಡಿಸಿ ತರಬೇಡಿ, ಮೆತ್ತನೆ ಹತ್ತಿ ಬಟ್ಟೆ ಸುತ್ತಿದ ಕೊಳವೆಗೆ ಸುರುಳಿ ಸುತ್ತಿ. ನುಸಿಗುಳಿಗೆ ಹಾಕಿದ್ದರೆ ನಾಲ್ಕು ದಿನ ಮುಂಚೆ ತೆಗೆದು ನೆರಳಲ್ಲಿ ಗಾಳಿಗೆ ಹಾಕಿ, ಇಲ್ಲವಾದರೆ ಇಡೀ ಸಭಾಂಗಣಕ್ಕೆ ಟ್ರಂಕಿನ ವಾಸನೆ.

*ವಸ್ತು, ದನಿ, ವಿಡಿಯೊ.* ಕಾಳು, ರೊಟ್ಟಿ, ಬೆಲ್ಲದಿಂದ ಮಾಡಿದ ಕೃತಿಗೆ ಮೊದಲ ರಾತ್ರಿಯೇ ಇಲಿ, ಇರುವೆ ಬರುತ್ತವೆ. ಬ್ಯಾಡಗಿ ಮೆಣಸಿನಕಾಯಿ ಖಾರ ಕಡಿಮೆಯೆಂದು ರಾಶಿ ಸುರಿದರೆ ಫ್ಯಾನ್ ಗಾಳಿಗೆ ಪುಡಿ ಎದ್ದು ನೋಡುಗರು ಕೆಮ್ಮುತ್ತಾರೆ. ಮುಚ್ಚಿದ ಪಾರದರ್ಶಕ ಪೆಟ್ಟಿಗೆಯಲ್ಲಿಡಿ. ವಿಡಿಯೊವನ್ನು ಎಂಪಿ4 ರೂಪದಲ್ಲಿ ಪೆನ್‌ಡ್ರೈವಿಗೆ ಹಾಕಿ, ತಾನಾಗಿ ಮರುಪ್ರಸಾರವಾಗುವುದೇ ಎಂದು ಅದೇ ಟಿವಿಯಲ್ಲಿ ಪರೀಕ್ಷಿಸಿ. ದನಿಗೆ ಹೆಡ್‌ಫೋನ್ ಇರಲಿ, ಸ್ಪೀಕರಿನಲ್ಲಿ ಬಿಟ್ಟರೆ ಅದು ಪಕ್ಕದವರ ಚಿತ್ರಕ್ಕೂ ಹಿನ್ನೆಲೆ ಸಂಗೀತವಾಗುತ್ತದೆ. ದನಿಯ ಪೂರ್ತಿ ಬರಹರೂಪವನ್ನು ಅಚ್ಚು ಮಾಡಿ ಪಕ್ಕದಲ್ಲಿಡಿ, ಕರೆಂಟು ಹೋದಾಗ ಅದೇ ಕೃತಿ.

ಬೆಲೆ ಹಚ್ಚುವುದು

ಹೆಂಗಸರ ಬಿಟ್ಟಿ ದುಡಿಮೆಯ ಬಗ್ಗೆ ಚಿತ್ರ ಬರೆದು, ಅದರ ಬೆಲೆಯಲ್ಲಿ ತಮ್ಮದೇ ದುಡಿಮೆಯನ್ನು ಬಿಟ್ಟುಬಿಡುವವರು ಬಹಳ. ಲೆಕ್ಕ ಹೀಗಿರಲಿ. ಕ್ಯಾನ್ವಾಸ್, ಬಣ್ಣ 2,200 ರೂ., ಫ್ರೇಮು 1,800, ಸಾಗಣೆ 500, ಒಟ್ಟು 4,500. ಕೆಲಸ 40 ತಾಸು, ತಾಸಿಗೆ 150ರಂತೆ 6,000. ನಿಮ್ಮ ಕೈಗೆ ಬರಬೇಕಾದ್ದು 10,500. ಕಮಿಷನ್ ಶೇ. 30 ಎಂದಾದರೆ 10,500ನ್ನು 0.7ರಿಂದ ಭಾಗಿಸಿ, ಬೆಲೆ 15,000. ಹೆಚ್ಚಿನವರು 10,500ಕ್ಕೆ ಶೇ. 30 ಕೂಡಿಸಿ 13,650 ಎಂದು ಹಾಕುತ್ತಾರೆ. ಅದರಲ್ಲಿ ಶೇ. 30 ಕಳೆದರೆ ಕೈಗೆ ಸಿಗುವುದು 9,555, ಅಂದರೆ 945 ರೂಪಾಯಿ ಲುಕ್ಸಾನು.

ಪರಿಚಯದವರು ‘ನಮಗೆಷ್ಟು?’ ಎಂದು ಕೇಳಿಯೇ ಕೇಳುತ್ತಾರೆ. ರಿಯಾಯಿತಿ ಎಷ್ಟರವರೆಗೆ ಎಂದು ಗುಂಪಿನಲ್ಲಿ ಮೊದಲೇ ಒಂದು ಮಿತಿ ಹಾಕಿಕೊಂಡರೆ ಒಬ್ಬೊಬ್ಬರೂ ಮುಜುಗರಪಡುವುದು ತಪ್ಪುತ್ತದೆ. ಮಾರಲು ಮನಸ್ಸಿಲ್ಲದಿದ್ದರೆ ‘ಮಾರಾಟಕ್ಕಿಲ್ಲ’ ಎಂದು ಬರೆಯಿರಿ. ಬೆಲೆ ಹಾಕಿ, ಕೊಳ್ಳುವವರು ಬಂದಾಗ ಹಿಂಜರಿದರೆ ಸಂಘಟಕರ ಮರ್ಯಾದೆ ಹೋಗುತ್ತದೆ.

ಚೀಟಿ ಮತ್ತು ಅಚ್ಚು

ಕೃತಿಯ ಪಕ್ಕದ ಚೀಟಿಯಲ್ಲಿ ಹೆಸರು, ಶೀರ್ಷಿಕೆ, ಮಾಧ್ಯಮ, ಅಳತೆ, ವರ್ಷ, ಬೆಲೆ. ಅಕ್ಷರ 18 ಪಾಯಿಂಟಿಗಿಂತ ಸಣ್ಣದಿದ್ದರೆ ಹಿರಿಯರು ಬಗ್ಗಿ ಓದಬೇಕಾಗುತ್ತದೆ. ನಿಮ್ಮ ಮೊಬೈಲ್ ನಂಬರ್ ಹಾಕಬೇಡಿ. ಇಂಥ ವಿಷಯದ ಪ್ರದರ್ಶನದ ನಂತರ ಬರುವ ಕರೆಗಳೆಲ್ಲ ಕಲೆಯ ಬಗ್ಗೆ ಇರುವುದಿಲ್ಲ. ಗುಂಪಿನದೊಂದು ಈಮೇಲ್ ಸಾಕು.

ಅಚ್ಚಿನಲ್ಲಿ ಒಂದು ಗುಂಡಿ ಇದೆ. ಡಿಟಿಪಿ ಅಂಗಡಿಗಳಲ್ಲಿ ಇನ್ನೂ ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಕೆಲಸ ನಡೆಯುತ್ತದೆ. ನೀವು ಮೊಬೈಲಿನಲ್ಲಿ ಯೂನಿಕೋಡ್‌ನಲ್ಲಿ ಬರೆದ ಪಠ್ಯವನ್ನು ಅಲ್ಲಿ ಅಂಟಿಸಿದಾಗ ಒತ್ತಕ್ಷರ ಜಿಗಿದು, ಅರ್ಕಾವತ್ತು ಕಳೆದು ‘ಸ್ತ್ರೀ’ ಮತ್ತೇನೋ ಆಗಿ ಬರುತ್ತದೆ. ಸಾಧ್ಯವಾದರೆ ಫಾಂಟು ಒಳಗೊಂಡ ಪಿಡಿಎಫ್ ಮಾಡಿಯೇ ಕೊಡಿ. ಇಲ್ಲವಾದರೆ ಪರಿವರ್ತಿಸಿದ ಮೇಲಿನ ಕರಡನ್ನು ಕಾಗದದ ಮೇಲೆ ತೆಗೆಸಿ, ಪ್ರತಿ ಹೆಸರನ್ನೂ ಆಯಾ ಕಲಾವಿದೆಯೇ ಓದಿ ಸಹಿ ಹಾಕಲಿ. ಫ್ಲೆಕ್ಸ್ ಬ್ಯಾನರಿಗೂ ಇದೇ ನಿಯಮ. ಹತ್ತು ಅಡಿ ಅಗಲದ ಕಾಗುಣಿತ ದೋಷ ದೂರದಿಂದಲೇ ಕಾಣುತ್ತದೆ.

ಸಾಗಣೆ

ಬಣ್ಣದ ಮೇಲ್ಮೈಗೆ ಮೊದಲು ಬಟರ್ ಪೇಪರ್, ಅದರ ಮೇಲೆ ಗುಳ್ಳೆ ಪ್ಲಾಸ್ಟಿಕ್, ಗುಳ್ಳೆಗಳು ಹೊರಮುಖವಾಗಿ. ನೇರವಾಗಿ ಸುತ್ತಿದರೆ ಮಾರ್ಚ್ ಬಿಸಿಲಿಗೆ ಅಕ್ರಿಲಿಕ್ ಬಣ್ಣ ಮೆತ್ತಗಾಗಿ ಗುಳ್ಳೆಯ ಅಚ್ಚು ಉಳಿಯುತ್ತದೆ. ಮೂಲೆಗಳಿಗೆ ರಟ್ಟಿನ ಕವಚ, ಹೊರಗೆ ಎರಡೂ ಬದಿಗೆ ದಪ್ಪ ರಟ್ಟು, ಮೇಲೆ ಹೆಸರು, ‘ಈ ಬದಿ ಮೇಲೆ’ ಎಂಬ ಬಾಣ. ಎರಡು ಕ್ಯಾನ್ವಾಸ್ ಒಟ್ಟಿಗೆ ಕಟ್ಟುವುದಾದರೆ ಮುಖಕ್ಕೆ ಮುಖ, ನಡುವೆ ನಾಲ್ಕು ಮೂಲೆಗೆ ಥರ್ಮಾಕೋಲ್ ತುಂಡು. ಗಾಡಿಯಲ್ಲಿ ನಿಲ್ಲಿಸಿ ಸಾಗಿಸಿ; ಮಲಗಿಸಿದರೆ ಯಾರಾದರೂ ಮೇಲೆ ಏನಾದರೂ ಇಟ್ಟೇ ಇಡುತ್ತಾರೆ.

ಗದಗದಿಂದ, ಹಾವೇರಿಯಿಂದ ಬರುವವರು ನಾಲ್ಕೈದು ಜನ ಸೇರಿ ಒಂದು ಟಾಟಾ ಏಸ್ ಮಾಡಿಕೊಳ್ಳುವುದು ಬಸ್ಸಿನ ಡಿಕ್ಕಿಗಿಂತ ವಾಸಿ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಚಿಗರಿ ಬಸ್ಸು ಹಗುರದ, ತೊಡೆಯ ಮೇಲೆ ಹಿಡಿಯುವಂಥ ಕೃತಿಗೆ ಪರವಾಗಿಲ್ಲ, ಅದೂ ನಡುಮಧ್ಯಾಹ್ನ.

ಒಪ್ಪಿಸುವಾಗ ಎರಡು ಪ್ರತಿ ರಸೀದಿ: ಕೃತಿಯ ಹೆಸರು, ಅಳತೆ, ಬೆಲೆ, ಈಗಾಗಲೇ ಇರುವ ಗೀರು-ಕಲೆ, ತಂದ ದಿನ, ಇಬ್ಬರ ಸಹಿ. ಅಲ್ಲೇ ನಾಲ್ಕು ಮೂಲೆಗಳ ಫೋಟೊ ತೆಗೆಯಿರಿ. ‘ನಮ್ಮ ನಮ್ಮೊಳಗ ರಸೀದಿ ಯಾಕ್ರೀ’ ಎನ್ನುವವರಿಗೆ ನಕ್ಕು, ಪೆನ್ನು ಕೊಡಿ.

ತೂಗುಹಾಕುವುದು

ಗ್ಯಾಲರಿಗಳಲ್ಲಿ ಕೃತಿಯ ನಡುಬಿಂದು ನೆಲದಿಂದ ಸುಮಾರು 145ರಿಂದ 152 ಸೆಂ.ಮೀ. ಎತ್ತರದಲ್ಲಿರುವುದು ರೂಢಿ. ನೋಡುಗರಲ್ಲಿ ಹೆಂಗಸರು, ಶಾಲಾ ಹುಡುಗಿಯರು ಹೆಚ್ಚಿರುವಲ್ಲಿ 142 ಸಾಕು. ಅದಕ್ಕಿಂತ ಮೇಲಿದ್ದರೆ ಕತ್ತೆತ್ತಿ ನೋಡಬೇಕಾಗುತ್ತದೆ.

ಕೊಕ್ಕೆಯ ಎತ್ತರ = ನಡುಬಿಂದು + ಕೃತಿಯ ಅರ್ಧ ಎತ್ತರ − ಎಳೆದ ತಂತಿಯಿಂದ ಮೇಲಂಚಿಗೆ ಇರುವ ಅಂತರ. 76 ಸೆಂ.ಮೀ. ಎತ್ತರದ ಫ್ರೇಮಿಗೆ ತಂತಿ 6 ಸೆಂ.ಮೀ. ಕೆಳಗಿದ್ದರೆ 142 + 38 − 6 = 174. ಕೊಕ್ಕೆ ಎರಡಿರಲಿ, ಒಂದೇ ಇದ್ದರೆ ಜನ ಓಡಾಡುವಾಗ ಚಿತ್ರ ವಾಲುತ್ತಾ ಹೋಗುತ್ತದೆ. ರಸಮಟ್ಟ ಇಟ್ಟು ನೋಡಿ, ಕಣ್ಣಂದಾಜು ಬೇಡ. ಹಳೆಯ ಕಟ್ಟಡಗಳ ನೆಲವೂ ಸೂರೂ ಸಮವಿರುವುದಿಲ್ಲ.

ಯಾರ ಚಿತ್ರ ಎದುರು ಗೋಡೆಗೆ ಎಂಬ ಪ್ರಶ್ನೆಯನ್ನು ಗೋಡೆಯ ಮುಂದೆ ನಿಂತು ಬಗೆಹರಿಸಲಾಗದು. ಒಂದು ವಾರ ಮುಂಚೆ ಗ್ರಾಫ್ ಹಾಳೆಯ ಮೇಲೆ ಗೋಡೆ ಬರೆದು, ಕೃತಿಗಳನ್ನು ಅದೇ ಅಳತೆಗೆ ಕತ್ತರಿಸಿ ಇಟ್ಟು ಎಲ್ಲರೂ ಒಪ್ಪಲಿ. ಗೋಡೆ 6 ಮೀಟರ್, ಐದು ಕೃತಿಗಳ ಒಟ್ಟು ಅಗಲ 3.6 ಮೀಟರ್ ಎಂದುಕೊಳ್ಳಿ. ಉಳಿದ 2.4 ಮೀಟರನ್ನು ಆರು ಸಂದಿಗಳಿಗೆ ಹಂಚಿದರೆ ತಲಾ 40 ಸೆಂ.ಮೀ. ಸಂದಿ 30ಕ್ಕಿಂತ ಕಡಿಮೆಯಾದರೆ ಒಂದು ಕೃತಿ ತೆಗೆಯಬೇಕು. ಹಿಂಸೆಯ ವಿಷಯದ ಕೃತಿಗಳನ್ನು ಬಾಗಿಲ ಎದುರಿಗೆ ಇಡದೆ ಒಳಗೆ ತಿರುಗಿದ ಮೇಲೆ ಕಾಣುವಂತೆ ಇಟ್ಟು, ಮುಂಚೆಯೇ ಒಂದು ಸೂಚನೆ ಬರೆದು ಹಾಕಿ. ಮಕ್ಕಳನ್ನು ಕರೆತಂದವರು ಆಗ ತಾವೇ ನಿರ್ಧರಿಸುತ್ತಾರೆ.

ಟ್ಯೂಬ್‌ಲೈಟು ಗಾಜಿನಲ್ಲಿ ಬಿಳಿ ಗೆರೆಯಾಗಿ ಕಂಡರೆ ಫ್ರೇಮಿನ ಹಿಂದೆ, ಮೇಲಿನ ಮೂಲೆಗಳಿಗೆ ಸಣ್ಣ ಬಿರಡೆ ಅಂಟಿಸಿ ತುಸು ಮುಂದಕ್ಕೆ ಬಾಗಿಸಿ. ಕಿಟಕಿಯ ಬಿಸಿಲು ಬೀಳುವ ಗೋಡೆಗೆ ಜಲವರ್ಣ, ಬಣ್ಣದ ಬಟ್ಟೆ ಬೇಡ.

ಪ್ರದರ್ಶನದ ದಿನಗಳು

ಸಂಜೆ ಆರೂವರೆಗೆ ಉದ್ಘಾಟನೆ ಇಟ್ಟರೆ, ವಿಷಯ ಯಾರದೋ ಅವರೇ ಬರಲಾರರು. ಮನೆಯ ಅಡುಗೆ, ಊರಿನ ಕೊನೆಯ ಬಸ್ಸು ಎರಡೂ ಆ ಹೊತ್ತಿನವೇ. ಶನಿವಾರ ಅಥವಾ ಭಾನುವಾರ ಬೆಳಗ್ಗೆ 11, ಇಲ್ಲವೇ ಮಧ್ಯಾಹ್ನ 3 ಅನುಕೂಲ. ಭಾಷಣ ಎರಡೇ ಇರಲಿ. ಕೃತಿಗೆ ಕಥೆ ಕೊಟ್ಟವರನ್ನು, ಅವರಿಗೆ ಇಷ್ಟವಿದ್ದರೆ, ಹಿಂದಿನ ದಿನವೇ ಕರೆತಂದು ತೋರಿಸಿ. ಜನರ ನಡುವೆ ಮೊದಲ ಸಲ ನೋಡುವ ಒತ್ತಡ ಅವರ ಮೇಲೆ ಬೀಳುವುದು ಬೇಡ.

ಪಾಳಿಗೆ ಇಬ್ಬರಂತೆ ಕೂರಬೇಕು, ಒಬ್ಬರೇ ಬೇಡ. ‘ಇದು ನಿಮ್ದೇ ಕಥೀನಾ?’ ಎಂಬ ಪ್ರಶ್ನೆ ದಿನಕ್ಕೆ ಹತ್ತು ಸಲ ಬರುತ್ತದೆ. ಉತ್ತರವನ್ನು ಮೊದಲೇ ಗೊತ್ತು ಮಾಡಿಟ್ಟುಕೊಳ್ಳಿ: ‘ಇಲ್ಲಿ ಎಷ್ಟು ಬರೆದೇವೋ ಅಷ್ಟೇ ಹೇಳತೇವ್ರಿ.’ ಇದನ್ನು ಪಾಳಿಯಲ್ಲಿರುವ ಎಲ್ಲರೂ ಹೇಳಬೇಕು. ಒಬ್ಬರು ಬಾಯಿ ತಪ್ಪಿದರೆ ಒಪ್ಪಿಗೆ ಪತ್ರದ ಶ್ರಮವೆಲ್ಲ ನೀರುಪಾಲು. ಫೋಟೊ ತೆಗೆಯಬಾರದ ಕೃತಿಗೆ ಚೀಟಿಯಲ್ಲೇ ಗುರುತು ಹಾಕಿ, ಪತ್ರಿಕೆಯವರಿಗೆ ಅಂಥ ಕೃತಿ ಬಿಟ್ಟು ಬೇರೆ ನಾಲ್ಕು ಫೋಟೊಗಳನ್ನು ಶೀರ್ಷಿಕೆ ಸಮೇತ ನೀವೇ ಕೊಡಿ.

ಇಳಿಸುವ ದಿನ

ಪ್ಯಾಕಿಂಗ್ ಸಾಮಾನನ್ನು ಯಾರೂ ಎಸೆಯದಂತೆ ಮೊದಲ ದಿನವೇ ಹೆಸರು ಬರೆದು ಒಂದು ಮೂಲೆಯಲ್ಲಿಡಿ. ಇಳಿಸುವಾಗ ರಸೀದಿಯ ಜೊತೆಗೆ ಹೋಲಿಸಿ ನೋಡಿ, ಪೆಟ್ಟಾಗಿದ್ದರೆ ಅಲ್ಲೇ ಬರೆಸಿ. ಮನೆಗೆ ಹೋಗಿ ಹೇಳಿದರೆ ಯಾರೂ ಒಪ್ಪುವುದಿಲ್ಲ. ಮಾರಾಟದ ಹಣ 15 ದಿನದೊಳಗೆ, ಖರ್ಚಿನ ಲೆಕ್ಕ ಬಿಲ್ಲು ಸಮೇತ ಎಲ್ಲರಿಗೂ ಹೋಗಬೇಕು. ಕೊಂಡವರ ಹೆಸರು, ಊರು ಬರೆದಿಟ್ಟುಕೊಳ್ಳಿ, ಮುಂದೆ ಆ ಕೃತಿಯನ್ನು ಮತ್ತೆಲ್ಲಾದರೂ ತೋರಿಸಬೇಕಾದರೆ ಕೇಳಬೇಕಾದ್ದು ಅವರನ್ನೇ.

ಕೈಪಿಡಿಯ ಎರಡು ಪ್ರತಿ, ಪತ್ರಿಕೆಯ ತುಣುಕು, ಗೋಡೆಯ ಮೇಲಿದ್ದಾಗಿನ ಫೋಟೊ ಇಷ್ಟನ್ನು ಒಂದು ಕಡತದಲ್ಲಿಡಿ. ಕರ್ನಾಟಕ ಲಲಿತಕಲಾ ಅಕಾಡೆಮಿಯ ವಾರ್ಷಿಕ ಪ್ರದರ್ಶನಕ್ಕೋ ಇನ್ನಾವುದಕ್ಕೋ ಅರ್ಜಿ ಹಾಕುವಾಗ ಇವು ಕೆಲಸಕ್ಕೆ ಬರುತ್ತವೆ. ಸಂದರ್ಶಕರ ಪುಸ್ತಕದ ಪುಟಗಳನ್ನೂ ಫೋಟೊ ತೆಗೆದುಕೊಳ್ಳಿ, ಏಕೆಂದರೆ ಮೂಲ ಪುಸ್ತಕ ಸಾಮಾನ್ಯವಾಗಿ ಸಂಘಟಕರ ಕಪಾಟಿನಲ್ಲೇ ಉಳಿಯುತ್ತದೆ. ಕಥೆ ಕೊಟ್ಟವರಿಗೆ ಕೈಪಿಡಿ, ಪಾಲಿನ ಹಣ ಮತ್ತು ತಂದ ವಸ್ತುಗಳನ್ನು ನೀವೇ ಹೋಗಿ ಕೊಟ್ಟು, ಒಪ್ಪಿಗೆ ಪತ್ರದ ಕೆಳಗೆ ‘ಮರಳಿ ಮುಟ್ಟಿತು’ ಎಂದು ಬರೆಸಿಕೊಳ್ಳಿ.